ಬೀಗತಿಯ ನತ್ತು, ಮಾವನ ಕ್ಯಾಮರಾ

ಮೊದಲು ಮುಖ್ಯವಾದ ಸುದ್ದಿ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ!

ನಾನು ಬರೆಯಲು ಕುಳಿತದ್ದು ಕ್ಯಾಮರಾದ ವಿಷಯ. ಆದರೆ ಪೆನ್ನು ಹಿಡಿದರೆ ಇದೇ ಮೊದಲು ಬರುತ್ತದೆ, ಏನು ಮಾಡಲಿ? ಹಾಲಿನವನಿಗೆ ಹೇಳಿಯಾಗಿದೆ, ಗ್ಯಾಸಿನವನಿಗೆ ಹೇಳಿಯಾಗಿದೆ. ತಪ್ಪಿ ನನ್ನ ನಂಬರಿಗೆ ಫೋನು ಹಚ್ಚಿದ ಒಬ್ಬ ಪುಣ್ಯಾತ್ಮನನ್ನೂ ಬಿಡಲಿಲ್ಲ. ಅವನು ಪಾಪ, "ಮುಬಾರಕ್ ಹೋ ಅಮ್ಮಾ" ಎಂದು ಹೇಳಿ ಇಟ್ಟ. ಕೂಸಿನ ಮೂಗು ಪೂರ್ತಿ ನನ್ನದೇ. ನಮ್ಮವರು ಮಾತ್ರ, "ಕೂಸಿಗಿ ಮೂಗು ಇನ್ನ ಬರೋದದ, ಜರಾ ತಡಿ" ಎನ್ನುತ್ತಾರೆ. ನಮ್ಮವರೆಂದರೆ ನನ್ನ ಯಜಮಾನರು. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಇಂದಿಗೂ ಮನೆಯಲ್ಲಿ ನಾಲ್ಕು ಜನ ಕೂಡಿದರೆ "ಮುಂದ ಸರೀರಿ, ಮುಂದ ಸರೀರಿ" ಎನ್ನದೆ ಇರಲಾರರು.

ಮಗಳು ಶಿವಲೀಲಾಳನ್ನು ಔರಾದ್ ಕಡೆಯ ಚಿಂತಾಕಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಲ್ಲೇ ತಾನೇ? ಹಾಗಾಗಿ ಬಾಣಂತನವೂ ತೊಟ್ಟಿಲ ಕಾರ್ಯವೂ ಬೀದರಿನ ನಮ್ಮ ಮನೆಯಲ್ಲೇ. ಕಾರ್ಯಕ್ಕೆ ಚಿಂತಾಕಿಯಿಂದ ನಮ್ಮ ಬೀಗತಿ, ಅಂದರೆ ಮಗಳ ಅತ್ತೆ ಕಸ್ತೂರಬಾಯಿ ಬರುವವರಿದ್ದರು. ಬಹಳ ಶಿಸ್ತಿನ ಹೆಣ್ಣುಮಗಳು. ಅವರು ಕುಳಿತ ಮನೆಯಲ್ಲಿ ಬೆಕ್ಕು ಕೂಡ ಬಾಲ ಮಡಚಿಕೊಂಡು ಕುಳಿತುಕೊಳ್ಳುತ್ತದೆ. ಇಂಥವರ ಕಣ್ಣೆದುರು ನಮ್ಮ ಮನೆಯ ಮಾನ ಉಳಿಯಬೇಕು, ಮಗಳು ಆ ಮನೆಯಲ್ಲಿ ತಲೆಯೆತ್ತಿ ನಡೆಯಬೇಕು, ಮೊಮ್ಮಗಳ ಮೊದಲ ಫೋಟೋ ನಮ್ಮ ಗೋಡೆಯ ಮೇಲೆ ಏರಬೇಕು. ಈ ಮೂರೂ ಕೆಲಸಕ್ಕೆ ನನ್ನ ಹತ್ತಿರ ಒಂದೇ ಉಪಾಯ ಇತ್ತು. ಮಾವನ ಕ್ಯಾಮರಾ!

ನನ್ನ ಸೋದರಮಾವ ಭಾಲ್ಕಿಯಲ್ಲಿ ಫೋಟೋ ಅಂಗಡಿ ಇಟ್ಟಿದ್ದ. ಬೇಸಿಗೆಯ ರಜೆಗೆ ಹೋದಾಗ ನಾನು ಅವನ ಹಿಂದೆ ಮದುವೆ ಮನೆಗಳಿಗೆ ತಿರುಗುತ್ತಿದ್ದೆ. ಅವನು ತೀರಿಹೋದ ಮೇಲೆ ಅತ್ತೆ ಅವನ ತೊಗಲಿನ ಚೀಲವನ್ನು ನನಗೇ ಕೊಟ್ಟಳು. ಒಳಗೆ ಕ್ಯಾಮರಾ. ಮಡಚಿದರೆ ದಪ್ಪ ಪುಸ್ತಕದಷ್ಟೇ. ಮೇಲಿನ ಗುಂಡಿ ಒತ್ತಿದರೆ ಮುಂದಿನ ಬಾಗಿಲು ಕೆಳಗೆ ಬಿದ್ದು, ಹಾರ್ಮೋನಿಯಂಗೆ ಇರುವಂಥ ಕರಿಯ ತಿದಿ ಮಡಿಕೆ ಬಿಚ್ಚಿಕೊಂಡು ಹೊರಗೆ ಬರುತ್ತದೆ, ತುದಿಯಲ್ಲಿ ಗಾಜಿನ ಕಣ್ಣು. ಜೊತೆಗೆ ಮೂರು ಕಾಲಿನ ಸ್ಟ್ಯಾಂಡು, ಹಳದಿ ಗಾಜಿನ ಒಂದು ಬಿಲ್ಲೆ, ಬಿಸಿಲು ತಾಗದಂತೆ ಕಣ್ಣಿಗೆ ಹಾಕುವ ತಗಡಿನ ಟೊಪ್ಪಿಗೆ, ಮತ್ತೆ ಒಂದು ಉದ್ದನೆಯ ವೈರು. ವೈರಿನ ಒಂದು ತುದಿಯನ್ನು ಕಣ್ಣಿನ ಪಕ್ಕದ ಸಣ್ಣ ತೂತಿಗೆ ತಿರುಪಿ, ಇನ್ನೊಂದು ತುದಿಯನ್ನು ಒತ್ತಿದರೆ 'ಟಕ್'! ಕ್ಯಾಮರಾ ಅಲುಗುವುದಿಲ್ಲ.

ಟ್ರಂಕಿನಿಂದ ಇದನ್ನು ತೆಗೆದಾಗ ನಮ್ಮವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇದ್ರಾಗ ಇನ್ನ ಜೀವ ಅದನಾ?"

"ಮಾವ ಅರ್ಧ ಭಾಲ್ಕಿ ಮದಿವಿ ಇದ್ರಾಗೇ ತೆಗ್ದಾನ್ರಿ."

"ಮಾವ ತೆಗ್ದಾನ. ನೀ ಏನ್ ತೆಗ್ದಿ?"

"ನಾ ಚೀಲ ಹಿಡ್ದೀನಿ!"

ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಆದರೆ ಚೀಲ ಹಿಡಿಯುವ ವಿದ್ಯೆಯಲ್ಲಿ ನನಗೆ ಯಾರೂ ಸಮ ಇಲ್ಲ. ಮಾವ ಏನೇನು ಮಾಡುತ್ತಿದ್ದನೋ ಎಲ್ಲ ನೆನಪಿತ್ತು. ಚಿಂತಾಕಿಯ ಅಳಿಯ ಸಂತೋಷ ಔರಾದ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಮಾಲು ತರಲು ಹೈದರಾಬಾದಿಗೆ ಹೋದಾಗ ಈ ಕ್ಯಾಮರಾಕ್ಕೆ ಹಿಡಿಸುವ ಅಗಲವಾದ ರೀಲು ಎರಡು ತಂದ. ಅಲ್ಲಿ ಅದನ್ನು ಮಾರುವವರೂ ಇದ್ದಾರಂತೆ, ತೊಳೆದು ಕೊಡುವವರೂ ಇದ್ದಾರಂತೆ. ಒಂದು ರೀಲಿಗೆ ಎಂಟೇ ಫೋಟೋ. ಎಂಟು ಸಾಕು, ಮೊಮ್ಮಗಳು ಒಬ್ಬಳೇ ಅಲ್ಲವೇ? ನಾನು ಅದೇ ದಿನ ನಡುಮನೆಯ ಗೋಡೆಗೆ ಮೊಳೆಯನ್ನೂ ಹೊಡೆಸಿದೆ. ಫೋಟೋ ಬರುವುದಕ್ಕೆ ಮೊದಲೇ ಮೊಳೆ ಸಿದ್ಧ! ನನ್ನ ಮೇಲೆ ನನಗೆ ಅಷ್ಟು ನಂಬಿಕೆ.

ಕಾರ್ಯದ ದಿನ ಮುಂಜಾನೆ ಪೂಜೆ ಮಾಡಿದೆ. ಹೊಲಿಗೆ ಮಿಷಿನಿಗೆ ಪೂಜೆ ಮಾಡುತ್ತೇವೆ, ಮಿಕ್ಸರಿಗೆ ಮಾಡುತ್ತೇವೆ, ನಮ್ಮವರ ಸ್ಕೂಟರಿಗೆ ಮಾಡುತ್ತೇವೆ. ಇಷ್ಟು ವರ್ಷ ಟ್ರಂಕಿನಲ್ಲಿ ಮಲಗಿದ್ದ ಕ್ಯಾಮರಾವನ್ನು ಸುಮ್ಮನೆ ಎಬ್ಬಿಸಿ ಕೆಲಸಕ್ಕೆ ಹಚ್ಚುವುದುಂಟೇ? ಮಣೆಯ ಮೇಲೆ ಹೊಸ ಖಣ ಹಾಸಿ, ಕ್ಯಾಮರಾವನ್ನು ಬಿಚ್ಚಿ ಇಟ್ಟು, ತೊಗಲಿನ ಚೀಲಕ್ಕೆ ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ. ಗಾಜಿನ ಕಣ್ಣನ್ನು ಮುಟ್ಟಲಿಲ್ಲ. ಗಾಜಿಗೆ ಬೆರಳು ತಾಗಿಸಿದರೆ ಮಾವ ಕಿವಿ ಹಿಂಡುತ್ತಿದ್ದ. ಅಷ್ಟು ತಿಳಿವಳಿಕೆ ನನಗಿದೆ!

ಇನ್ನು ಊದಬತ್ತಿ. ಊದಬತ್ತಿ ಚುಚ್ಚುವ ಹಿತ್ತಾಳೆಯ ಸ್ಟ್ಯಾಂಡು ತೊಟ್ಟಿಲ ಹತ್ತಿರ ಹೋಗಿತ್ತು. ಹಚ್ಚಿದ ಬತ್ತಿ ಕೈಯಲ್ಲಿದೆ, ಎಲ್ಲಿ ಚುಚ್ಚಲಿ? ಬಾಳೆಹಣ್ಣು ಊಟದ ಪಾಲಾಗಿತ್ತು. ಆಗ ಕಣ್ಣಿಗೆ ಬಿತ್ತು ನೋಡಿ, ವೈರು ತಿರುಪುವ ಆ ಸಣ್ಣ ತೂತು. ಚುಚ್ಚಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು! ಯಾವುದೋ ದೇಶದಲ್ಲಿ ಕುಳಿತು ಕ್ಯಾಮರಾ ಮಾಡಿದವನಿಗೆ ನಮ್ಮ ಬೀದರಿನ ಪದ್ಧತಿ ಹೇಗೆ ಗೊತ್ತಾಯಿತೋ ಎಂದು ಬೆರಗಾಗಿ, ಕೈ ಮುಗಿದು, ಅಡುಗೆಮನೆಗೆ ಹೋದೆ.

ಅಲ್ಲಿ ಪಕ್ಕದ ಮನೆಯ ರತ್ನಮ್ಮ ಹೋಳಿಗೆ ಬೇಯಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು.

"ರತ್ನಾ, ಹೋಳಿಗಿ ಹತ್ಲತ್ತದ ನೋಡಽ!"

"ನನ್ನ ಹಂಚಿನ ಮ್ಯಾಲ ಏನೂ ಇಲ್ರಿ ಅಕ್ಕಾ."

"ಮತ್ತ ಈ ವಾಸನಿ?"

"ನಿಮಗ ಖುಷಿ ಹೆಚ್ಚಾಗಿ ಮೂಗು ಕೆಟ್ಟದ."

ಇರಬಹುದು ಎಂದುಕೊಂಡೆ. ತಿರುಗಿ ಬಂದು ನೋಡಿದರೆ ಊದಬತ್ತಿ ವಾಲಿ, ತಿದಿಗೆ ಮೈ ಆನಿಸಿ, ಆರಿಹೋಗಿತ್ತು. ಬೂದಿಯನ್ನು ಸೆರಗಿನಿಂದ ಒರೆಸಿದೆ. ಕರಿಯ ತೊಗಲಿನ ಮೇಲೆ ಕರಿಯ ಕಲೆ, ಯಾರಿಗೆ ಕಾಣಬೇಕು? ದೇವರು ಪೂಜೆ ಒಪ್ಪಿಕೊಂಡ ಎಂದು ಸಮಾಧಾನ ಮಾಡಿಕೊಂಡು, ಬಾಗಿಲು ಹಾಕಿಕೊಂಡು, ಮಾವನ ಹಾಗೆಯೇ ರೀಲು ಏರಿಸಿದೆ.

ಬೀಗತಿ ಬಂದರು. ಹಸಿರು ಪೈಠಣಿ ಸೀರೆ, ಮುಡಿಯ ತುಂಬ ಹೂವು. ಮೂಗಿನಲ್ಲಿ ಅವರ ಅತ್ತೆಯ ಕಾಲದ ದೊಡ್ಡ ಮುತ್ತಿನ ನತ್ತು. ಈ ಕಾರ್ಯಕ್ಕೆಂದೇ ಅಕ್ಕಸಾಲಿಗರ ಹತ್ತಿರ ಕೊಟ್ಟು ಮೆರುಗು ಹಾಕಿಸಿದ್ದರಂತೆ. ಕುಳಿತವರೇ ಫೋನು ತೆಗೆದು ಕೂಸಿನ ಕಡೆ ಹಿಡಿದರು. ಅವರನ್ನು ನೋಡಿ ಉಳಿದವರೂ ಹಿಡಿದರು. ಅಂಗಳದ ತುಂಬ ಫೋನು!

ನಾನು ಎದ್ದು ನಿಂತೆ. ನೆರೆದ ಸಮಸ್ತ ಬಂಧು ಬಾಂಧವರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಾರ್ಯ ಮುಗಿಯುವವರೆಗೆ ಯಾರೂ ಫೋನು ಹೊರಗೆ ತೆಗೆಯಬಾರದು ಎಂದು ಘೋಷಣೆ ಮಾಡಿದೆ. ನಮ್ಮವರು ತೆಂಗಿನಕಾಯಿಯ ಬುಟ್ಟಿ ಖಾಲಿ ಮಾಡಿ ಹಿಡಿದುಕೊಂಡು ಸಾಲಿನಲ್ಲಿ ಹೊರಟರು. "ಯಾರ್ದರೀ ಫೋನ್? ಹಿಂದ ಯಾರ್ದದ? ಎಲ್ಲಾರ್ದೂ ಆತಾ?" ಅವರಿಗೆ ಸರ್ವಿಸ್‌ಗೆ ತಿರುಗಿ ಹೋದಷ್ಟು ಸಂತೋಷ. ಬೀಗತಿಯ ಹತ್ತಿರ ಬುಟ್ಟಿ ನಿಂತಿತು.

"ನಂದು ಹೊಸಾ ಫೋನ್ ಅದರಿ. ಮಗ ಕೊಡ್ಸ್ಯಾನ. ಫೋಟೋ ಭಾಳ ಛಂದ ಬರ್ತಾವ."

"ಬೀಗತೇರ, ಫೋನಿನ ಫೋಟೋ ಯಾರ್ ನೋಡ್ತಾರ್ರಿ? ಬೆರಳಿಲೆ ಸರಸಿದ್ರ ಮುಗೀತು. ನಾ ಗ್ವಾಡಿಗಿ ಹಾಕೋ ಫೋಟೋ ಕೊಡ್ತೇನಿ. ನಿಮ್ಮ ನತ್ತಿನ ಮುತ್ತು ಸುದ್ದಾ ಎಣಸ್ಬೇಕು, ಹಂಗ!"

ನತ್ತು ಎಂದ ಕೂಡಲೇ ಬೀಗತಿ ಕರಗಿದರು. ಫೋನು ಬುಟ್ಟಿಗೆ ಬಿತ್ತು. ಆದರೆ ಅವರು ಎಲ್ಲರ ನಡುವೆ, ತೊಟ್ಟಿಲಿನ ಹಿಂದೆಯೇ ಕೂಡಬೇಕೆಂದು ಸೀರೆ ಸರಿಪಡಿಸಿಕೊಂಡು ಹೊರಟಾಗ ನಾನು ಕೈ ಅಡ್ಡ ಹಿಡಿದೆ. ಮಾವ ಕಲಿಸಿದ ಗುಟ್ಟೊಂದು ನನ್ನ ಹತ್ತಿರ ಇತ್ತು. ಮುನಿಸಿಕೊಳ್ಳುವ ನೆಂಟರನ್ನು ಫೋಟೋದ ಬಲತುದಿಗೆ ಕೂಡಿಸಬೇಕು, ನೋಡುವವರ ಕಣ್ಣು ಕೊನೆಗೆ ಅಲ್ಲಿಯೇ ನಿಲ್ಲುತ್ತದೆ ಎನ್ನುತ್ತಿದ್ದ.

"ದೊಡ್ಡೋರು ಬಲಕ್ಕ ಕೂಡ್ಬೇಕ್ರಿ ಬೀಗತೇರ. ಇನ್ನ ಜರಾ ಬಲಕ್ಕ. ಇನ್ನ ಜರಾ. ಹಾಂ, ಬರೋಬ್ಬರಿ!"

ಕ್ಯಾಮರಾದ ಕಣ್ಣಿನ ಸುತ್ತಲಿನ ಬಳೆಯ ಮೇಲೆ ದೂರದ ಅಂಕಿ ಇರುತ್ತದೆ, ಅಡಿಗಳ ಲೆಕ್ಕದಲ್ಲಿ. ಮಾವನ ಟೇಪು ಇರಲಿಲ್ಲ. ನಮ್ಮವರನ್ನೇ ತೊಟ್ಟಿಲಿನಿಂದ ಸ್ಟ್ಯಾಂಡಿನವರೆಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿದೆ. ಹತ್ತು ಅಡಿ ಬಂತು. ಬಳೆಯನ್ನು ಹತ್ತಕ್ಕೆ ತಿರುಗಿಸಿದೆ. ನೆಂಟರು ನಕ್ಕರು. ನಗಲಿ!

ಹೆಸರಿಡುವ ಹೊತ್ತು ಬಂತು. ಅಳಿಯನ ತಂಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು 'ನೀಲಾಂಬಿಕಾ' ಎಂದಳು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮಲ್ಲಿ ಪದ್ಧತಿ. ಅವರು ಮುಷ್ಟಿ ಎತ್ತಿದರು. ನಾನು ಕೂಗಿದೆ. "ಹಂಗೇ ಇರ್ರಿ! ಕೈ ಇಳಸಬ್ಯಾಡ್ರಿ! ಬೀಗತೇರ, ನೀವು ನಿಮ್ಮ ಜಾಗಾ ಬಿಡಬ್ಯಾಡ್ರಿ!" ಹಿಂದಿನ ಕೆಂಪು ಕಿಂಡಿಯಲ್ಲಿ ರೀಲಿನ ಅಂಕಿ ಕಾಣುವವರೆಗೆ ತಿರುಗಿಸಬೇಕು, ಕಣ್ಣಿನ ಪಕ್ಕದ ಕೀಲು ಎಳೆಯಬೇಕು, ವೈರು ಒತ್ತಬೇಕು. ಅಷ್ಟರಲ್ಲಿ ಹೆಂಗಸರ ಕೈ ನಡುಗತೊಡಗಿದ್ದವು. ಬುಟ್ಟಿಯೊಳಗೆ ಯಾರದೋ ಫೋನು ಬಡಿದುಕೊಳ್ಳುತ್ತಿತ್ತು. ಸೋದರತ್ತೆ ಬಗ್ಗಿಕೊಂಡೇ, "ಒಮ್ಮೆ ಗುದ್ದಿ ಬಿಡ್ರೇ ಯವ್ವಾ" ಎಂದು ಬೇಡಿಕೊಂಡಳು. ಟಕ್!

ಹೀಗೆ ಎಂಟೂ ಫೋಟೋ ತೆಗೆದೆ. ಗೌರವಕ್ಕೆಂದು ಎಂಟರಲ್ಲೂ ಬೀಗತಿಯನ್ನು ಬಲತುದಿಗೇ ಕೂಡಿಸಿದೆ. ಮುಗಿಯುವವರೆಗೆ ಕ್ಯಾಮರಾ ಬಿಚ್ಚಿಕೊಂಡು ಬಿಸಿಲಲ್ಲೇ ನಿಂತಿತ್ತು. ಊಟ ಮಾಡಿ ಹೊರಡುವಾಗ ಬೀಗತಿ ನನ್ನ ಕೈ ಹಿಡಿದು, "ಫೋಟೋ ಜಲ್ದಿ ಬರ್ಲಿ ರೀ, ನಮ್ಮ ಓಣಿಯಾಗ ಎಲ್ಲಾರ್ಗೂ ತೋರಸ್ಬೇಕು" ಎಂದರು. ನಾನು ಗೆದ್ದಿದ್ದೆ!

ಅಳಿಯ ಮುಂದಿನ ಸಲ ಮಾಲಿಗೆ ಹೋದಾಗ ರೀಲು ತೊಳೆಸಿಕೊಂಡು, ಫೋಟೋ ಮಾಡಿಸಿಕೊಂಡು, ನೇರ ಚಿಂತಾಕಿಗೆ ಹೋದ. ಬೀಗತಿಯ ಫೋನು ಬಂತು.

"ಫೋಟೋ ಬಂದಾವ್ರಿ ಬೀಗತೇರ."

"ಹೌದೇನ್ರಿ! ಹ್ಯಾಂಗ ಬಂದಾವ್ರಿ?"

"ಅಗ್ದಿ ಸಾಫ್ ಬಂದಾವ. ತೊಟ್ಟಲಾ ಬಂದದ. ಕೂಸು ಬಂದದ. ನಿಮ್ಮ ಮಂದಿ ಎಲ್ಲಾರೂ ಬಂದಾರ. ನಿಮ್ಮ ಗ್ವಾಡಿ ಮ್ಯಾಲಿನ ಹಲ್ಲಿ ಸುದ್ದಾ ಬಂದದ."

"ಮತ್ತ ನೀವ್ರಿ?"

"ನಾ ಕುತ್ತಿಗಿ ತನಕ ಬಂದೀನ್ರಿ."

ನನಗೆ ಅರ್ಥವಾಗಲಿಲ್ಲ.

"ಕುತ್ತಿಗಿ ಮ್ಯಾಲ ತಲಿ ಇಲ್ರಿ. ಬೆಳ್ಳಗ ಜ್ವಾಳದ ರೊಟ್ಟಿ ಹಂಗ ಒಂದು ಅದ. ಒಂದ್ರಾಗ ಅಲ್ಲ, ಎಂಟ್ರಾಗೂ! ನತ್ತು ಎಣಸ್ರಿ ಅಂದ್ರಲ್ಲ, ಮೂಗೇ ಸಿಗವಲ್ದು, ನತ್ತು ಎಲ್ಲಿ ಎಣಸ್ಲಿ?"

"ಬೀಗತೇರ, ನಾ ಬೇಕಂತ..."

"ನಡುವ ಕೂಡ್ತೇನಿ ಅಂದ್ರ ಬಲಕ್ಕ ತಳ್ಳಿದ್ರಿ. ಫೋನ್ ಕಸ್ಕೊಂಡ್ರಿ. ಈಗ ತಲಿನೂ ಕಸ್ಕೊಂಡ್ರಿ!"

ಫೋನು ಇಟ್ಟುಬಿಟ್ಟರು. ಅವತ್ತಿನ ಕಾರ್ಯದ ಬೇರೆ ಒಂದೇ ಒಂದು ಫೋಟೋ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಎಲ್ಲರ ಫೋನನ್ನೂ ನಾನೇ ಬುಟ್ಟಿಗೆ ಹಾಕಿಸಿದ್ದೆನಲ್ಲ!

ಪಕ್ಕದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಶಿವಲೀಲಾ ಎಲ್ಲ ಕೇಳಿಸಿಕೊಂಡಿದ್ದಳು. "ಯವ್ವಾ, ಬರೋ ಸ್ವಾಮಾರ ಕೂಸಿನ್ ಕರ್ಕೊಂಡು ನಾ ಅಲ್ಲಿ ಹೋಗ್ಬೇಕು. ಆ ಮನ್ಯಾಗ ಇರಾಕಿ ನಾನು, ನೀ ಅಲ್ಲ! ಅತ್ತಿ ಮಾರಿ ಹ್ಯಾಂಗ ನೋಡ್ಲಿ?"

"ಮಾರಿ ಇದ್ರ ನೋಡ್ತಿ" ಎಂದರು ನಮ್ಮವರು. ನಾನು ಅವರನ್ನು ನೋಡಿದ ನೋಟಕ್ಕೆ ಎದ್ದು ಹೊರಗೆ ಹೋದರು.

ಆಮೇಲೆ ಅಳಿಯ ಫೋನು ಮಾಡಿ ಮೆಲ್ಲಗೆ ವಿಷಯ ತಿಳಿಸಿದ. "ಅತ್ತೀ, ರೀಲು ತೊಳ್ದವ್ರು ಅಂದ್ರು, ಕ್ಯಾಮರಾದ ತಿದ್ಯಾಗ ಎಲ್ಲೋ ತೂತು ಬಿದ್ದದಂತ. ಅದ್ರಾಗಿಂದ ಬಿಸಿಲು ಒಳಗ ಹೋಗಿ ಒಂದೇ ಜಾಗಾಕ್ಕ ಬೀಳ್ತದಂತ."

ಕತ್ತಲು ಕೋಣೆಗೆ ಹೋಗಿ ಕ್ಯಾಮರಾದ ಹಿಂದಿನ ಬಾಗಿಲು ತೆಗೆದು ಒಳಗೆ ಬ್ಯಾಟರಿ ಹಚ್ಚಿದೆವು. ಕರಿಯ ತಿದಿಯ ಮೇಲೆ ಒಂದು ಸಣ್ಣ ಚುಕ್ಕಿ ಫಳಫಳ ಹೊಳೆಯಿತು. ಊದಬತ್ತಿಯ ತುದಿಯಷ್ಟೇ ದೊಡ್ಡದು. ನಮ್ಮವರು ಬೆರಳಿನಿಂದ ಚುಕ್ಕಿಯನ್ನು ಮುಚ್ಚಿ, ತೆಗೆದು ನೋಡಿದರು.

"ಅವತ್ತ ಹೋಳಿಗಿ ಹತ್ಲತ್ತದ ಅಂದಿದ್ದಿ ನೋಡು," ಎಂದರು. "ಇದೇ ಇರ್ಬೇಕು."

ಸೋಮವಾರ ಬಂತು. ಗಾಡಿ ಮಾಡಿಕೊಂಡು ಮಗಳು, ಮೊಮ್ಮಗಳು, ತೊಟ್ಟಿಲು, ಒಂದು ಡಬ್ಬಿ ಹೋಳಿಗೆ, ತೊಗಲಿನ ಚೀಲ, ಎಲ್ಲ ಏರಿಸಿಕೊಂಡು ಚಿಂತಾಕಿಗೆ ಹೊರಟೆವು. ನಮ್ಮವರು "ರೈಟ್" ಎಂದರು. ದಾರಿಯುದ್ದಕ್ಕೂ ನಾನು ಬಾಯಿಪಾಠ ಮಾಡಿಕೊಂಡೆ. ಬೀಗತೇರ, ನಾನು ಅಜ್ಞಾನಿ, ಕ್ಷಮಿಸಬೇಕು. ಬೀಗತೇರ, ಇದು ನನ್ನ ಕೈಯಿಂದ ಆದದ್ದು, ಮನಸ್ಸಿನಿಂದ ಆದದ್ದಲ್ಲ. ಶಿವಲೀಲಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ನೀಲೂ ಮಾತ್ರ ನನ್ನ ತೊಡೆಯ ಮೇಲೆ ನಿಶ್ಚಿಂತೆಯಿಂದ ಮಲಗಿತ್ತು. ಅದಕ್ಕೇನು, ಎಂಟರಲ್ಲೂ ಅದರ ತಲೆ ಇದೆ!

ಹೊಸ್ತಿಲಲ್ಲಿ ಆರತಿ ಆಯಿತು. ಬೀಗತಿ ಕೂಸನ್ನು ಎತ್ತಿಕೊಂಡು ಮುದ್ದಿಸಿದರು, ಸೊಸೆಯ ಬೆನ್ನು ಸವರಿದರು. ನನ್ನ ಕಡೆ ತಿರುಗಿ, "ಬರ್ರಿ" ಎಂದರು. ಒಂದೇ ಮಾತು. ಒಳಗೆ ಕಾಲಿಟ್ಟವಳು ಪಾಠ ಒಪ್ಪಿಸಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೆಯೇ ಉಳಿಯಿತು.

ಎದುರಿನ ಗೋಡೆಯ ಮೇಲೆ ನನ್ನ ಫೋಟೋ! ಕಟ್ಟು ಹಾಕಿಸಿದ್ದಾರೆ. ತೊಟ್ಟಿಲು, ಕೂಸು, ಮುಷ್ಟಿ ಎತ್ತಿದ ಹೆಂಗಸರು, ಬಗ್ಗಿದ ಸೋದರತ್ತೆ. ಬಲತುದಿಯಲ್ಲಿ ಹಸಿರು ಪೈಠಣಿ. ಅದರ ಮೇಲೆ, ಬೆಳ್ಳನೆಯ ರೊಟ್ಟಿ ಇದ್ದ ಜಾಗದಲ್ಲಿ, ಬ್ಯಾಂಕಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ ಕತ್ತರಿಸಿದ ಬೀಗತಿಯ ತಲೆ! ಗೋಂದು ಹಚ್ಚಿ ಅಂಟಿಸಿದ್ದಾರೆ. ಉಳಿದವರ ತಲೆ ನೆಲ್ಲಿಕಾಯಿಯಷ್ಟು, ಬೀಗತಿಯದು ತೆಂಗಿನಕಾಯಿಯಷ್ಟು. ಆ ತಲೆ ಇಡೀ ಕಾರ್ಯವನ್ನು ಕಣ್ಣು ಕಿಸಿದು ನೋಡುತ್ತಿತ್ತು, ಯಾರಾದರೂ ಬಾಕಿ ಕಟ್ಟದೆ ಹೋಗುತ್ತಾರೇನೋ ಎಂಬ ಹಾಗೆ.

ಬೀಗತಿ ಫೋಟೋ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಹ್ಯಾಂಗದರೀ?"

ಈಗ ನಕ್ಕರೆ ಮಗಳ ಸಂಸಾರ ಹೋಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಮ್ಮವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು, ಎಮ್ಮೆ ನೋಡಿ ಬರುತ್ತೇನೆಂದು ಹೊರಗೆ ಓಡಿದರು. ಶಿವಲೀಲಾ ನನ್ನ ತೋಳು ಚಿವುಟಿದಳು.

"ಭಾಳ... ಸಾಫ್ ಕಾಣ್ತೀರಿ ಬೀಗತೇರ" ಎಂದೆ.

ಬೀಗತಿ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ, ಮುಗಿಯಿತು ಕಥೆ ಎಂದುಕೊಂಡೆ.

"ಇಲೆಕ್ಷನ್ ಬ್ಯಾನರ್‌ನಾಗ ದೊಡ್ಡ ಸಾಹೇಬ್ರ ತಲಿ ಹಾಕಿರ್ತಾರಲ್ರಿ," ಎಂದರು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅಗ್ದಿ ಹಂಗ ಕಾಣ್ತೇನಿ!"

ಕಸ್ತೂರಬಾಯಿ ನಗುವುದನ್ನು ನಾನು ಮೊದಲ ಸಲ ನೋಡಿದೆ. ನಕ್ಕರು, ನಕ್ಕರು, ಗೋಡೆಗೆ ಆನಿಕೊಂಡು ನಕ್ಕರು. ನಾನು ನೆಲದ ಮೇಲೆಯೇ ಕುಳಿತೆ. ಶಿವಲೀಲಾ ನಗುತ್ತ ಅತ್ತೇಬಿಟ್ಟಳು. ನಗು ಸ್ವಲ್ಪ ಇಳಿದ ಮೇಲೆ ಊದಬತ್ತಿಯ ಸಂಗತಿ ಹೇಳಿ, ತಿದಿಯ ತೂತು ತೋರಿಸಿದೆ. ಬೈಯುತ್ತಾರೆಂದು ತಲೆ ತಗ್ಗಿಸಿದರೆ, ಅವರು ಗಂಭೀರವಾಗಿ ಹೇಳಿದರು:

"ಪೂಜಾ ಮಾಡಿದ್ದು ಛಲೋ ಆತು. ಪೂಜಾ ಇಲ್ದ ಕ್ಯಾಮರಾ ಹ್ಯಾಂಗ ಹಿಡೀತಾರ್ರಿ? ನಾನಾಗಿದ್ರೂ ಅಲ್ಲೇ ಚುಚ್ಚತಿದ್ದೆ."

ಆ ಗಳಿಗೆಯಲ್ಲಿ ಮಗಳನ್ನು ಕೊಟ್ಟ ಮನೆಯ ಬಗ್ಗೆ ನನಗೆ ಇದ್ದ ಅಷ್ಟಿಷ್ಟು ಚಿಂತೆಯೂ ಹೋಯಿತು!

ಬೀಗತಿ ಸುಮ್ಮನಿರುವ ಹೆಂಗಸಲ್ಲ. ಸೈಕಲ್ ಟ್ಯೂಬಿಗೆ ಹಾಕುವ ಪಂಕ್ಚರಿನ ತೇಪೆ ತರಿಸಿದರು, ಒಳಗಿನಿಂದ ತಾವೇ ಅಂಟಿಸಿದರು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಪರೀಕ್ಷೆ ಮಾಡಿದರು. ಚುಕ್ಕಿ ಇಲ್ಲ. ಅಳಿಯ ಎರಡನೆಯ ರೀಲು ಏರಿಸಿದ. ಆಗ ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಮುಂದೆ ಕೈ ಚಾಚಿದರು.

"ಫೋನ್ ಕೊಡ್ರಿ."

"ಯಾಕ್ರಿ?"

"ಬುಟ್ಟಿಗಿ. ಈಗ ನಾ ತೆಗೀತೇನಿ. ನೀವು ಕೂಸಿನ್ ಹಿಡ್ಕೊಂಡು ಕೂಡ್ರಿ. ನಿಮ್ದು ಒಂದೂ ಫೋಟೋ ಇಲ್ಲ ಅದ್ರ ಸಂಗಾಟ."

ಹೌದಲ್ಲ! ಎಂಟು ಫೋಟೋ ತೆಗೆದವಳು ನಾನು, ಎಂಟರಲ್ಲೂ ನಾನಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ, ಅವರಿಗೆ ಹೊಳೆದಿತ್ತು. ಅಂಗಳದ ಬೇವಿನ ಮರದ ಪಕ್ಕ, ಬಿಸಿಲಿಗೆ ಕುರ್ಚಿ ಹಾಕಿ, ನೀಲೂವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಾಚಿಕೊಂಡು, ಕುಂಕುಮ ತಿದ್ದಿಕೊಂಡು ಕುಳಿತೆ. ನಮ್ಮವರು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅಳೆದರು. ಬೀಗತಿ ಸಣ್ಣ ಕಿಂಡಿಯಲ್ಲಿ ಒಂದು ಕಣ್ಣಿಟ್ಟು, "ನೀಲೂ, ನಮ್ಮವ್ವ, ಹಿಂದಕ ನೋಡ್ಬ್ಯಾಡ, ಇಲ್ಲಿ ನೋಡು" ಎಂದು ಕೂಸಿನೊಂದಿಗೇ ಮಾತಾಡಿದರು. ಟಕ್!

ಅಳಿಯ ಈ ಸಲ ಹೈದರಾಬಾದಿನಿಂದ ನೇರ ನಮ್ಮಲ್ಲಿಗೇ ತಂದುಕೊಟ್ಟ ಆ ಫೋಟೋ ಈಗ ನಮ್ಮ ಮನೆಯ ಮೊಳೆಯ ಮೇಲಿದೆ. ಚುಕ್ಕಿ ಇಲ್ಲ, ಮಬ್ಬು ಇಲ್ಲ. ನೀಲೂ ಬೊಚ್ಚು ಬಾಯಿ ಬಿಟ್ಟು ನಗುತ್ತ ಮೇಲಕ್ಕೆ, ನನ್ನ ಮುಖದ ಕಡೆ ನೋಡುತ್ತಿದೆ. ನನ್ನ ಸೀರೆಯ ಅಂಚು, ಕೈಯ ಬಳೆ, ಕೊರಳಿನ ತಾಳಿ, ಎಲ್ಲ ಸ್ಪಷ್ಟ. ತಾಳಿಯ ಮೇಲೆ ಫೋಟೋ ಮುಗಿಯುತ್ತದೆ.

ಚಿಂತಾಕಿಗೆ ಫೋನು ಹಚ್ಚಿದೆ.

"ಬೀಗತೇರ, ಫೋಟೋ ಬಂತ್ರಿ. ನಾ ಕುತ್ತಿಗಿ ತನಕ ಬಂದೀನ್ರಿ."

"ಅಯ್ಯ ಶಿವನೇ! ಕೂಸಿನ್ ಮಾರೀನೇ ನೋಡ್ಕೋತ ನಿಂತಿದ್ದೆ ರೀ, ನಿಮ್ಮ ಕಡಿ ಕಣ್ಣೇ ಹೋಗ್ಲಿಲ್ಲ! ಬೇಕಂತ ಮಾಡಿಲ್ರಿ!"

"ಅವತ್ತ ನಾನೂ ಅದೇ ಅಂದಿದ್ದೆ ರೀ."

ಆಮೇಲೆ ಬೀಗತಿ ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಕಳಸ್ರಿ ಬೀಗತೇರ. ನನ್ನ ಹಂತ್ಯಾಕ ಗೋಂದು ಇನ್ನ ಉಳದದ."